ಅಪ್ಪ, ಅವ್ವನ ಮಾತು ಮುಟ್ಟಿಸಿದ ದನಿ

ನಾನು ನಿವೃತ್ತನಾಗುವ ಹಿಂದಿನ ವರ್ಷ ಧಾರವಾಡದ ಒಂದು ಸಮುದಾಯ ರೇಡಿಯೋದಲ್ಲಿ ಕಾರ್ಯಕ್ರಮ ನಿರ್ಮಾಪಕನಾಗಿದ್ದೆ. ಹಾಸ್ಯ ಕಲಾವಿದರ ಆಡಿಷನ್, ಅಂದರೆ ದನಿ ಪರೀಕ್ಷೆ, ನಡೆದಿತ್ತು. ಸಂಶಿ ಎಂಬ ಹಳ್ಳಿಯಿಂದ ಶೈಲಾ ಎಂಬ ಶಿಕ್ಷಕಿ ಬಂದರು. ಬರೆದು ತಂದಿದ್ದ ನಗೆಹನಿಗಳನ್ನು ಪಾಠದಂತೆ ಒಪ್ಪಿಸಿದರು. ಗಾಜಿನಾಚೆ ಕೂತಿದ್ದ ನಮ್ಮಲ್ಲಿ ಒಬ್ಬರೂ ನಗಲಿಲ್ಲ. ಅವರ ಹೆಸರಿನ ಮುಂದೆ 'ಬೇಡ' ಎಂದು ಬರೆದೇಬಿಟ್ಟೆ.

ಚಹಾಕ್ಕೆಂದು ಹೊರಬಂದಾಗ ಶೈಲಾ ಫೋನಿನಲ್ಲಿದ್ದರು. "ಅವ್ವಾ, ಅಪ್ಪ ಕೇಳಾಕತ್ತಾರ" ಎಂದವರೇ ದನಿ ಬದಲಿಸಿ, ಗೊಗ್ಗರು ಗಂಟಲಿನ ಮುದುಕನಾಗಿ, "ಪಲ್ಯಾಕ್ಕ ಉಪ್ಪು ಹಾಕೂದು ಮರತಿಯೋ, ಬೇಕಂತ ಬಿಟ್ಟಿಯೋ?" ಎಂದರು. ನಿಂತಲ್ಲೇ ನಕ್ಕುಬಿಟ್ಟೆ.

"ಅಪ್ಪಾರು ಊರಾಗ ಇಲ್ಲೇನ್ರಿ?"

"ಅವ್ವನ ಬಾಜೂಕ ಕುಂತು ಫೋನಿನ್ಯಾಗ ನನಗ ಹೇಳತಾರ್ರಿ. ಇಬ್ಬರೂ ನೇರ ಮಾತಾಡಂಗಿಲ್ರಿ, ಅಷ್ಟ."

ಶೈಲಾ ಎರಡನೇ ತರಗತಿಯಲ್ಲಿದ್ದಾಗ ಅಪ್ಪ ಹೊಸ ಎಮ್ಮೆಗೆ ಹೆಂಡತಿಯ ಅಕ್ಕನ ಹೆಸರಿಟ್ಟಿದ್ದರಂತೆ. ಅಂದಿನಿಂದ ಮಾತು ನಿಂತಿತು. ಸಂಸಾರ ನಿಲ್ಲಲಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸ ಮಗಳ ಪಾಲಿಗೆ ಬಂತು.

"ಇದ್ದಂಗ ಹೇಳಿದ್ರ ಜಗಳ, ಮುಚ್ಚಿಟ್ರ ಸುಳ್ಳಾಗತದ್ರಿ. ಅದಕ್ಕ ಮಾತು ಬದಲಿ ಮಾಡದ ಅವರ ದನಿ ತಗದು ಹೇಳತಿದ್ದೆ. ಕೇಳಿದವರು ನಕ್ರ ಅವತ್ತು ಎಲ್ಲಾರೂ ಸಮಾಧಾನದಿಂದ ಉಣತಿದ್ವಿ."

ಸಣ್ಣ ಹುಡುಗಿಯೊಬ್ಬಳು ತಾನೇ ಕಂಡುಕೊಂಡ ಈ ವಿದ್ಯೆಯ ಮುಂದೆ ನನ್ನ ಅಷ್ಟು ವರ್ಷಗಳ ಅನುಭವ ಸಣ್ಣದೆನಿಸಿತು. ಇದನ್ನೇ ಮೈಕಿನ ಮುಂದೆ ಮಾಡಿ ಎಂದೆ. ಆಕೆ ಒಪ್ಪಲಿಲ್ಲ.

"ಅವರ ಎದುರಿಗೆ ಆದ್ರ ಮಾಡತೀನ್ರಿ. ಬೆನ್ನ ಹಿಂದ ಮಾಡಂಗಿಲ್ಲ."

ಮುಂದಿನ ಭಾನುವಾರ ರೆಕಾರ್ಡರ್ ಹಿಡಿದು ಸಂಶಿಗೆ ಹೋದೆ. ಪಡಸಾಲೆಯ ತುಂಬ ಓಣಿಯ ಜನ. ಅಪ್ಪ ಕುರ್ಚಿಯಲ್ಲಿ, ಅವ್ವ ಅಡುಗೆಮನೆಯ ಬಾಗಿಲಲ್ಲಿ. ಶೈಲಾ ಎಮ್ಮೆಯ ಜಗಳವನ್ನೇ ಎತ್ತಿಕೊಂಡರು. ಜನ ಬಿದ್ದು ಬಿದ್ದು ನಕ್ಕರು. ಅಪ್ಪನ ಮುಖ ಮಾತ್ರ ಬಿಗಿದೇ ಇತ್ತು. ಅದನ್ನು ಕಂಡು ಶೈಲಾ ತಡವರಿಸಿದರು. ನಿಲ್ಲಿಸೋಣವೆಂದು ನಾನು ರೆಕಾರ್ಡರಿನ ಗುಂಡಿಯ ಮೇಲೆ ಕೈ ಇಟ್ಟೆ.

ಅಷ್ಟರಲ್ಲಿ ಮುದುಕನ ಹೊಟ್ಟೆ ಅಲುಗಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಾಗಿಲಿಂದ ಅವ್ವ ಕೂಗಿದರು: "ಶೈಲಾ, ನಿಮ್ಮಪ್ಪಗ ಹೇಳು, ಹಲ್ಲಿನ ಸೆಟ್ ಹಿಡಕೊಂಡು ನಗು ಅಂತ!"

ಶೈಲಾ ಅವ್ವನ ದನಿಯಲ್ಲೇ ಅದನ್ನು ಮುಟ್ಟಿಸಿದರು. ಆ ಮಾತನ್ನೂ ಕತ್ತರಿಸದೆ ಪ್ರಸಾರ ಮಾಡಿದೆವು.

ನಗಿಸುವವರು ಬರೆದು ತಂದದ್ದರಲ್ಲೇ ಅವರ ದನಿ ಇರುತ್ತದೆಂದು ನಂಬಿದ್ದೆ. ಆ ಭಾನುವಾರದ ನಂತರ, ನಿವೃತ್ತಿಯ ದಿನದವರೆಗೂ, ಆಡಿಷನ್ನಿಗೆ ಬಂದವರ ಹಾಳೆಯನ್ನು ಮೊದಲು ಪಕ್ಕಕ್ಕಿಡಿಸಿ ಕೇಳುತ್ತಿದ್ದೆ: "ನಿಮ್ಮ ಮನ್ಯಾಗ ಯಾರ್ ಯಾರು ಹೆಂಗ ಮಾತಾಡತಾರ, ಹೇಳ್ರಿ."