ಬೆಂಕಿ ಎಂಬ ನೆಗೆಟಿವ್ ಪದ

ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದರಲ್ಲಿ ನಾನು ತರಬೇತಿ ವಿಭಾಗದಲ್ಲಿದ್ದೆ. ವಿಭಾಗವೆಂದರೆ ನಾನೊಬ್ಬನೇ. ಬೆಂಕಿ ಬಿದ್ದಾಗ ಏನು ಮಾಡಬೇಕೆಂದು ಕಾರ್ಮಿಕರಿಗೆ ತಿಳಿಸುವ ಪುಟ್ಟ ಕೈಪಿಡಿ ಬರೆಯುವ ಕೆಲಸ ಬಂತು. ‘ಬೆಂಕಿ ಕಂಡರೆ ಕೆಲಸ ಬಿಟ್ಟು ಹೊರಗೆ ಬನ್ನಿ’ ಎಂದು ಶುರುಮಾಡಿ, ಮೂವರು ಹಿರಿಯರ ಅಭಿಪ್ರಾಯಕ್ಕೆ ಕಳಿಸಿದೆ.

ಎಚ್‌ಆರ್ ಮೇಡಂ ಫೋನ್ ಮಾಡಿದರು. “ಬೆಂಕಿ ಅನ್ನೋ ಪದ ತುಂಬಾ ನೆಗೆಟಿವ್ ಆಯ್ತು ರೀ. ಸ್ವಲ್ಪ ಸಾಫ್ಟಾಗಿ ಹೇಳಿ.”

ಉತ್ಪಾದನಾ ವಿಭಾಗದ ಮುಖ್ಯಸ್ಥರು ನನ್ನನ್ನು ಯಂತ್ರಗಳ ಸದ್ದಿನ ನಡುವೆಯೇ ನಿಲ್ಲಿಸಿದರು. “ಕೆಲಸ ಬಿಟ್ಟು ಅಂತ ನಾವೇ ಬರ್ಕೊಟ್ರೆ ಹೆಂಗ್ರೀ? ಆಮೇಲೆ ಬೀಡಿ ಹೊಗೆ ಕಂಡ್ರೂ ಎದ್ದು ಹೋಗ್ತಾರೆ.”

ಕಾನೂನು ಸಲಹೆಗಾರರು ಮಾತ್ರ ಶಾಂತವಾಗಿದ್ದರು. “ಹೊರಗೆ ಬನ್ನಿ ಅಂತೀರಿ. ಹೊರಗೆ ನಾಯಿ ಕಚ್ಚಿದ್ರೆ ಯಾರು ಹೊಣೆ?”

ಯಾರನ್ನೂ ಎದುರುಹಾಕಿಕೊಳ್ಳುವ ಧೈರ್ಯ ನನಗಿರಲಿಲ್ಲ. ತಿದ್ದಿದೆ: ‘ಅನಪೇಕ್ಷಿತ ಉಷ್ಣತೆ ಗಮನಕ್ಕೆ ಬಂದಲ್ಲಿ, ಕೈಯಲ್ಲಿರುವ ಕೆಲಸ ಪೂರೈಸಿ, ಸೂಕ್ತ ಸ್ಥಳದ ಬಗ್ಗೆ ಆಲೋಚಿಸಬಹುದು.’ ಮೂವರೂ ಮೆಚ್ಚಿಕೊಂಡರು.

ಮೊದಲ ತರಗತಿಯಲ್ಲಿ ಅದನ್ನು ಓದಿದೆ. ಕೃಷ್ಣರಾಜಪುರದಲ್ಲಿ ರೂಮು ಮಾಡಿಕೊಂಡಿದ್ದ ರಾಯಚೂರಿನ ಹೆಣ್ಣುಮಗಳೊಬ್ಬಳು ಕೈ ಎತ್ತಿದಳು. “ಸರ್, ಇದು ಫ್ಯಾನ್ ಹಾಕ್ಸೂದ್ರ ಬಗ್ಗೆ ಐತೇನ್ರಿ?” ಎಲ್ಲರೂ ಆಸೆಯಿಂದ ನನ್ನ ಮುಖ ನೋಡಿದರು. ಶೆಡ್ಡಿನಲ್ಲಿ ಸೆಕೆ ಹಾಗಿತ್ತು. ಅಲ್ಲ ಎನ್ನುವಾಗ ನಾಚಿಕೆಯಾಯಿತು.

ಮರುದಿನ ಮೂವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದೆ. ಅಲ್ಲಿಯವರೆಗೆ ನನ್ನ ವಾಕ್ಯದೊಡನೆ ಜಗಳವಾಡುತ್ತಿದ್ದವರು ಈಗ ತಮ್ಮತಮ್ಮೊಳಗೆ ಶುರುಮಾಡಿದರು. ‘ಉಷ್ಣತೆ’ಯೋ ‘ತಾಪ’ವೋ ಎನ್ನುವಲ್ಲಿಗೆ ಮಾತು ಬಂದಾಗ ಬಾಗಿಲ ಸಂದಿಯಿಂದ ಘಾಟು ಹೊಗೆ ನುಗ್ಗಿತು. ಸಲಹೆಗಾರರು ಕುರ್ಚಿಗೆ ಎಡವಿ ಬಿದ್ದು ಎದ್ದರು. ಮುಖ್ಯಸ್ಥರು ಅವರನ್ನು ದಾಟಿ ಓಡಿದರು. ಮೇಡಂ “ಬೆಂಕಿ, ಬೆಂಕಿ” ಎನ್ನುತ್ತ ಇಬ್ಬರಿಗಿಂತ ಮೊದಲು ಗೇಟು ತಲುಪಿದರು.

ಕ್ಯಾಂಟೀನಿನ ಅಡುಗೆಯವರು ಹಿಂದೆಯೇ ಬಂದರು. “ಏನಿಲ್ಲ ಸಾರ್, ಒಗ್ಗರಣೇಲಿ ಮೆಣಸಿನಕಾಯಿ ಸೀದೋಯ್ತು.”

ಎಲ್ಲರೂ ಕೆಮ್ಮುತ್ತಿದ್ದರು. “ಈಗ ಏನ್ ಬರೀಲಿ ಸರ್?” ಎಂದು ಕೇಳಿದೆ.

“ಓಡಿ ಅಂತಲೇ ಬರೀರಿ” ಎಂದರು ಮುಖ್ಯಸ್ಥರು.

“ಓಡಬಾರ್ದು. ಬಿದ್ರೆ ಕೇಸಾಗುತ್ತೆ” ಎಂದರು ಸಲಹೆಗಾರರು, ಮಂಡಿ ನೀವಿಕೊಳ್ಳುತ್ತ.

ಕೊನೆಗೆ ಉಳಿದದ್ದು: ‘ಬೆಂಕಿ ಬಿದ್ದರೆ ಬೇಗ ಬೇಗ ನಡೆದು ಗೇಟಿಗೆ ಹೋಗಿ.’ ಕೆಮ್ಮು ನಿಲ್ಲುವ ಮೊದಲೇ ಮೂವರನ್ನೂ ಒಪ್ಪಿಸಿ, ಶಿವಾಜಿನಗರದ ಪ್ರೆಸ್ಸಿಗೆ ಆಟೋ ಹತ್ತಿದೆ. ಹಲಸೂರು ದಾಟುವಷ್ಟರಲ್ಲಿ ಮೇಡಂ ಮೆಸೇಜು ಬಂತು: ಮುಖಪುಟದ ಚಿತ್ರದಲ್ಲಿ ಎಲ್ಲರೂ ನಗುತ್ತಿರಬೇಕಂತೆ. ಅದರ ಬೆನ್ನಿಗೇ ಉಳಿದಿಬ್ಬರವೂ ಬಂದವು; ತೆರೆಯದೆ ಮೊಬೈಲನ್ನು ಜೇಬಿಗಿಳಿಸಿದೆ.

“ಇದೇ ಫೈನಲ್ಲಾ ಸಾಬ್?” ಎಂದು ಪ್ರೆಸ್ಸಿನವರು ಕೇಳಿದರು.

ಮೊಬೈಲನ್ನು ಜೇಬಿನಿಂದ ತೆಗೆಯದೆಯೇ ಹೌದೆಂದೆ.