ಸೊಣ್ಣಪ್ಪನ ಮೂರು ದಿನದ ಪಥ್ಯ

ಕೋಲಾರದ ಬಸ್ಸು ಮುಳಬಾಗಿಲು ದಾಟುವ ಮೊದಲೇ ಆವನಿಯ ಸೊಣ್ಣಪ್ಪನ ಮಾನ ಬಸ್ಸಿನ ಪಾಲಾಯಿತು. ತಪ್ಪು ಡಬ್ಬಿಯದು. ಮಲಪರೀಕ್ಷೆಗೆ ಚಿಕ್ಕದೊಂದು ಮುಚ್ಚಳದ ಡಬ್ಬಿಯಲ್ಲಿ ಸ್ಯಾಂಪಲ್ಲು ತರಬೇಕೆಂದು ಕೋಲಾರದ ಕ್ಲಿನಿಕ್ಕಿನವರು ಹೇಳಿದ್ದರು. ಮನೆಯಲ್ಲಿ ಹಾಗಿದ್ದದ್ದು ತೀರಿಹೋದ ಅಣ್ಣನ ನಶ್ಯದ ಡಬ್ಬಿ ಒಂದೇ. ಅದನ್ನು ತೊಳೆದು, ತುಂಬಿ, ಜೇಬಿಗೆ ಹಾಕಿಕೊಳ್ಳಲು ಮನಸ್ಸು ಬಾರದೆ ಕೈಯಲ್ಲೇ ಹಿಡಿದು ಕೂತಿದ್ದ. ಪಕ್ಕದ ಸೀಟಿನ ರಿಟೈರ್ಡ್ ಮೇಷ್ಟ್ರ ಕಣ್ಣು ಅದರ ಮೇಲೆ ಬಿತ್ತು.

"ಒಂದು ಚಿಟಿಕೆ ಕೊಡಪ್ಪ, ಪುಣ್ಯ ಬರ್ತದೆ."

"ಬೇಡಿ ಮೇಷ್ಟ್ರೇ, ಇದು ನಿಮಗೆ ಆಗಲ್ಲ."

"ಲೇ, ನಲವತ್ತು ವರ್ಷದಿಂದ ಏರಿಸ್ತಿದೀನಿ ಕಣೋ. ನನಗೆ ಆಗದ ಘಾಟು ಯಾವುದು?" ಎನ್ನುತ್ತಾ ಮೇಷ್ಟ್ರು ಡಬ್ಬಿ ಕಸಿದು ಮುಚ್ಚಳ ತೆಗೆದೇಬಿಟ್ಟರು.

ಕೋಲಾರ ಬರುವವರೆಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಡೀ ಬಸ್ಸು ಮಾತ್ರ ಇಬ್ಬರನ್ನೂ ನೋಡಿತು.

ಸೊಣ್ಣಪ್ಪನಿಗೆ ಹೊಟ್ಟೆನೋವೇನೂ ಇರಲಿಲ್ಲ. ವಯಸ್ಸು ನಲವತ್ತೆಂಟು, ಎರಡು ಎಕರೆ ಹಿಪ್ಪುನೇರಳೆ, ಮನೆ ತುಂಬ ರೇಷ್ಮೆಹುಳು. ಕೂತು ಉಣ್ಣಲೂ ಪುರುಸೊತ್ತಿಲ್ಲದ ಆಳು. ಅವನಿಗಿದ್ದದ್ದು ಅಕ್ಷರಶಃ ರಕ್ತಸಂಬಂಧದ ಭಯ. ಅಣ್ಣ ಚನ್ನರಾಯಪ್ಪ ಮೂಲವ್ಯಾಧಿ ಎಂದುಕೊಂಡು ಒಂದು ವರ್ಷ ಮುಲಾಮು ಹಚ್ಚಿಕೊಂಡು ಓಡಾಡಿದ್ದ. ವ್ಯಾಧಿಯ ಮೂಲ ಬೇರೆಯೇ, ಅದು ದೊಡ್ಡ ಕರುಳಿನ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಎಂಬತ್ತನಾಲ್ಕನೇ ಇಸವಿಯೂ ಮುಗಿದಿತ್ತು, ಅಣ್ಣನೂ ಮುಗಿದಿದ್ದ. ತಿಂಗಳಿಗೊಮ್ಮೆ ಬೆಂಗಳೂರಿನಿಂದ ಕೋಲಾರಕ್ಕೆ ಬರುವ ಡಾಕ್ಟರು ಆಗಲೇ ಹೇಳಿದ್ದರು: "ಒಡಹುಟ್ಟಿದವರೂ ನೋಡಿಸಿಕೊಳ್ಳಿ. ಶುರುವಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಮಲದಲ್ಲಿ ಬರ್ತದೆ. ಆಗ ಸಿಕ್ಕಿದರೆ ಕತ್ತರಿಸಿ ತೆಗೀಬಹುದು." ಮನಸ್ಸು ಗಟ್ಟಿ ಮಾಡಿಕೊಳ್ಳಲು ಸೊಣ್ಣಪ್ಪನಿಗೆ ಎರಡು ವರ್ಷ ಹಿಡಿದಿತ್ತು.

ಡಬ್ಬಿ ತೆಗೆದುಕೊಂಡವಳು ನರ್ಸ್ ಶಾಮಲಮ್ಮ. ಹೆಸರಿನಲ್ಲೇ ಇಲಾಖೆ ಇದೆಯೆಂಬ ತಮಾಷೆಯನ್ನು ಬೇರೆಯವರು ಮಾಡುವ ಮುಂಚೆ ತಾನೇ ಮಾಡಿ ಮುಗಿಸುತ್ತಿದ್ದಳು.

"ಮೂರು ದಿನ ಮಾಂಸ ಮುಟ್ಟಿಲ್ಲ ತಾನೇ? ಮೂಲಂಗಿ?"

"ಎರಡೂ ಇಲ್ಲ ಸಿಸ್ಟರ್, ದೇವರಾಣೆ."

ಕಾಗದದ ಮೇಲೆ ಸವರಿ ಎರಡು ತೊಟ್ಟು ಔಷಧಿ ಬಿಟ್ಟಳು. ರಕ್ತವಿದ್ದರೆ ನೀಲಿಯಾಗಬೇಕು. ಕಾಗದ ನೀಲಿಯಾಯಿತು. ಸೊಣ್ಣಪ್ಪನ ಮುಖ ಬಿಳಿಯಾಯಿತು.

"ಈಗಲೇ ಹೆದರಬೇಡಿ" ಎಂದರು ಡಾಕ್ಟರು. "ತಿಂದದ್ದರಿಂದಲೂ ಈ ಕಾಗದ ಒಂದೊಂದು ಸಲ ಮೋಸ ಹೋಗ್ತದೆ. ಮುಂದಿನ ತಿಂಗಳು ಹೊಸ ಕಿಟ್ಟು ತರ್ತೀನಿ. ಅದರಲ್ಲಿ ಆಂಟಿಬಾಡಿ ಅಂತ ಇರ್ತದೆ, ಮನುಷ್ಯರ ರಕ್ತ ಇದ್ದರೆ ಮಾತ್ರ ಹಿಡ್ಕೊಳ್ತದೆ. ಅದೂ ಹೌದು ಅಂದ್ರೆ ಬೆಂಗಳೂರಿಗೆ ಬನ್ನಿ, ಕರುಳಿಗೆ ಟ್ಯೂಬ್ ಹಾಕಿ ನೋಡೋಣ."

ಆ ಒಂದು ತಿಂಗಳು ಸೊಣ್ಣಪ್ಪ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಹುಳುಗಳು ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದು ತಟ್ಟೆಗಳಲ್ಲಿ ಸರಸರ ಸೊಪ್ಪು ಮೇಯುತ್ತಿದ್ದವು. ಆ ಸದ್ದು ಕೇಳಿದರೆ ತನ್ನ ಕರುಳನ್ನೂ ಒಳಗೊಳಗೇ ಯಾವುದೋ ಮೇಯುತ್ತಿದೆ ಅನ್ನಿಸಿ ತೋಟಕ್ಕೆ ಓಡುತ್ತಿದ್ದ. ತೋಟದಲ್ಲಿ ಹೊಟ್ಟೆ ಒತ್ತಿ ನೋಡಿಕೊಂಡು ಮನೆಗೆ ಓಡಿಬರುತ್ತಿದ್ದ. ಹೆಂಡತಿ ಮುನಿಯಲ್ಲಮ್ಮನಿಗೆ ನೀಲಿ ಕಾಗದದ ಸುದ್ದಿ ಹೇಳಿರಲಿಲ್ಲ. ಬದಲಿಗೆ ಪಂಪ್‌ಸೆಟ್ಟಿನ ಪಾಠ ಶುರುಮಾಡಿದ.

"ಹಸಿರು ಬಟನ್ನು ಒತ್ತು. ಕರೆಂಟು ಹೋದ್ರೆ ಕೆಂಪು. ತಿಳೀತಾ?"

"ಏನಯ್ಯ, ಹದಿನೈದು ದಿನದಿಂದ ಒಂದೊಂದೇ ಚಾರ್ಜು ಕೊಡ್ತಾ ಇದ್ದೀಯ. ಟ್ರಾನ್ಸ್‌ಫರ್ ಆಗಿದೆಯಾ?"

ಸೊಣ್ಣಪ್ಪನಿಗೆ ನಗು ಬರಲಿಲ್ಲ. "ಅಣ್ಣಂದೇ ನನಗೂ ಬಂದಿರಬೋದು ಕಣೇ" ಎಂದ.

ಮುನಿಯಲ್ಲಮ್ಮ ಕೆಂಪು ಬಟನ್ನು ಒತ್ತಿದಳು. ಮೋಟಾರು ನಿಂತಿತು. "ಬಂದಿದ್ರೂ ಬೇಗ ಗೊತ್ತಾಯ್ತಲ್ಲ. ನಿಮ್ಮಣ್ಣನಿಗೆ ಅದೂ ಇರಲಿಲ್ಲ. ಈ ಸಲ ನಾನೂ ಬರ್ತೀನಿ."

ಈ ಸಲ ಪಥ್ಯವಿರಲಿಲ್ಲ, ಬಾಟಲಿಗಳನ್ನು ಕ್ಲಿನಿಕ್ಕಿನವರೇ ಕೊಟ್ಟಿದ್ದರು. ಮೂರು ದಿನದ ಮೂರು ಸ್ಯಾಂಪಲ್ಲು. ಶಾಮಲಮ್ಮ ಗಾಜಿನ ಮೇಲೆ ಹಾಲಿನಂಥ ಹನಿ ಬಿಟ್ಟು, ಸ್ಯಾಂಪಲ್ಲಿನ ನೀರು ಬೆರೆಸಿ ಅಲ್ಲಾಡಿಸಿದಳು. ಮನುಷ್ಯರ ರಕ್ತವಿದ್ದರೆ ಅದು ಒಡೆದ ಹಾಲಿನ ಹಾಗೆ ಕಾಳುಕಟ್ಟಬೇಕು. ಸೊಣ್ಣಪ್ಪ ಬಗ್ಗಿ ನೋಡಿದ. ಮೊದಲನೆಯದು ಒಡೆಯಲಿಲ್ಲ. ಎರಡನೆಯದೂ ಇಲ್ಲ. ಮೂರನೆಯದಕ್ಕೆ ಮುನಿಯಲ್ಲಮ್ಮ ಅವನ ಮೊಣಕೈ ಹಿಡಿದುಕೊಂಡಳು. ಅದೂ ಒಡೆಯಲಿಲ್ಲ.

"ನಿಮ್ಮ ರಕ್ತ ಇಲ್ಲಿಲ್ಲ" ಎಂದರು ಡಾಕ್ಟರು. "ಆದರೆ ಅಣ್ಣನಿಗೆ ಬಂದಿತ್ತಲ್ಲ, ವರ್ಷಕ್ಕೊಮ್ಮೆ ಬಂದು ತೋರಿಸ್ಲೇಬೇಕು." ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿ ತಲೆಯೆತ್ತಿದರು. "ಮಾಂಸ ಇಲ್ಲ, ಮೂಲಂಗಿ ಇಲ್ಲ ಅಂತೀರಿ. ಹಾಗಾದರೆ ಆವತ್ತು ಕಾಗದ ನೀಲಿ ಮಾಡಿದ್ದು ಯಾರ ರಕ್ತ ಸೊಣ್ಣಪ್ಪನವರೇ?"

"ನಮ್ಮ ಭಾವಮೈದ ವೆಂಕಟರಾಯಪ್ಪನ ಮೇಕೆದಿರಬೋದು ಸಾರ್. ಹಿಂದಿನ ದಿನ ಮಗೂಗೆ ಮುಡಿ ತೆಗೆಸಿ ಊಟ ಹಾಕಿದ್ರು. ನೀವು ಮಾಂಸ ಬೇಡ ಅಂದಿದ್ರಲ್ಲ, ಒಂದು ತುಂಡೂ ಮುಟ್ಟಲಿಲ್ಲ. ಬರೀ ರಕ್ತ ಹುರಿದಿದ್ರಲ್ಲ, ಅದನ್ನೇ ಎರಡು ಸಲ ಹಾಕಿಸ್ಕೊಂಡೆ."