ಖಾಲಾ ಬೇಡವೆಂದ ಸಂಬಂಧ

ನನ್ನ ಮೂಗಿಗೆ ವಾಸನೆ ತಲುಪುವುದೇ ಅಪರೂಪ. ಇಂದು ಬೆಳಿಗ್ಗೆ ಮಾತ್ರ ಆಳಂದದ ಈ ಬಾಡಿಗೆ ಮನೆಯೊಳಗೆ, ಯಾರದೋ ಹಂಚಿನ ಮೇಲೆ ಬೇಯುತ್ತಿದ್ದ ಜೋಳದ ರೊಟ್ಟಿಯ ಕಂಪು ಸ್ಪಷ್ಟವಾಗಿ ಬಂದಿತು. ಅದರ ಹಿಂದೆಯೇ ನರೋಣಾದಲ್ಲಿ ನಮ್ಮ ಪಕ್ಕದ ಮುಸ್ಲಿಂ ಮನೆಯಲ್ಲಿದ್ದ, ಚಿಕ್ಕಮ್ಮನೆಂಬ ಅರ್ಥದಲ್ಲಿ ನಾವು ಖಾಲಾ ಎಂದೇ ಕರೆಯುತ್ತಿದ್ದವರು ನೆನಪಾದರು…

ಹುಟ್ಟಿದಾಗಿನಿಂದಲೂ ನನಗೆ ನೆಗಡಿ, ಕಫ, ಕೆಮ್ಮು. ಉಸಿರಿನ ನಾಳದೊಳಗೆ ಕಫವನ್ನು ಹೊರದೂಡುವ ಸೂಕ್ಷ್ಮ ರೋಮಗಳಿರುತ್ತವೆ, ನನ್ನವು ಸರಿಯಾಗಿ ಅಲುಗಾಡುವುದಿಲ್ಲ ಎಂದು ಕಲಬುರಗಿಯ ವೈದ್ಯರು ತಿಳಿಸಿದರು. ತಂದೆ ತಾಯಿ ಇಬ್ಬರಿಂದಲೂ ಬಂದಿರುವ ಅಪರೂಪದ ಕಾಯಿಲೆ, ಒಂದೇ ರಕ್ತದಲ್ಲಿ ಮದುವೆಯಾದರೆ ಇದರ ಸಾಧ್ಯತೆ ಹೆಚ್ಚು ಎಂದರು. ದಿನವೂ ಬೆನ್ನು ತಟ್ಟಿ ಕಫ ಸಡಿಲಿಸಬೇಕು. ಕೂಸಿಗೆ ಹೊಡೆದಂತಾಗುತ್ತದೆಂದು ತಾಯಿ ಕೈ ಹಿಂತೆಗೆದಳು.

ಜೊತೆಗೆ ಬಂದಿದ್ದ ಖಾಲಾ ನಕ್ಕರು. "ನಂದು ರೊಟ್ಟಿ ಬಡಿಯೋ ಕೈ ಅದ ಬೇ. ನಾ ಬಡೀತೇನಿ, ನೀ ಕಣ್ಣ ಮುಚ್ಕೊಂಡು ಕೂಡು."

ಅಂದಿನಿಂದ ಅವರು ರೊಟ್ಟಿ ಮುಗಿಸಿ, ಹಿಟ್ಟಿನ ಕೈ ಒರೆಸಿಕೊಂಡು, ನನ್ನನ್ನು ತೊಡೆಯ ಮೇಲೆ ಬೋರಲು ಮಲಗಿಸಿಕೊಳ್ಳುತ್ತಿದ್ದರು. ಅಂಗೈ ಬಟ್ಟಲಿನಂತೆ ಬಾಗಿರುತ್ತಿತ್ತು. ಶಾಲೆಗೆ ನಡೆದು ಹೋಗುವಷ್ಟು ಉಸಿರನ್ನು ನಾನು ಪಡೆದದ್ದು ಆ ಕೈಗಳಿಂದ.

ನನ್ನ ತಾಯಿ ತನ್ನ ಸೋದರಮಾವನನ್ನೇ ಮದುವೆಯಾದವಳು. ನಮ್ಮ ಮನೆತನದ ರೂಢಿಯೇ ಅದು. ನಾನು ಹತ್ತನೇ ತರಗತಿ ಮುಗಿಸಿದೊಡನೆ, ಕರಜಗಿಯಲ್ಲಿದ್ದ ತಾಯಿಯ ತಮ್ಮನಿಗೆ ನನ್ನನ್ನು ಕೊಡುವ ಮಾತು ನಡೆಯಿತು. ಕಾಲೇಜಿಗೆ ಹೋಗಬೇಕೆಂದು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ವಿಷಯ ತಿಳಿದ ಖಾಲಾ ಬಂದು ನಮ್ಮ ಅಜ್ಜಿಯ ಎದುರು ಕುಳಿತರು.

"ಆಯೀ, ಡಾಕ್ಟರ್ ಹೇಳಿದ್ದು ಮರ್ತ್ರೇನು? ಮತ್ತ ಒಂದ ರಕ್ತದಾಗ ಗಂಟು ಹಾಕ್ತೀರಿ?"

"ಕೆಮ್ಮೋ ಹುಡುಗಿನ್ನ ಹೊರಗಿನವ್ರು ಯಾರು ಮಾಡ್ಕೋತಾರ?" ಅಜ್ಜಿ ಸಿಟ್ಟಾದರು. "ನಿಮ್ಮ ಮಂದ್ಯಾಗ ಅಣ್ಣತಮ್ಮರ ಮಕ್ಕಳಿಗೆ ಲಗ್ನ ಮಾಡಂಗಿಲ್ಲೇನು?"

"ಮಾಡ್ತೇವ್ರಿ. ನಂದೂ ಹಂಗ ಆಗ್ಯಾದ." ಖಾಲಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. "ಎರಡು ಕೂಸು ಮಣ್ಣಿಗೆ ಕೊಟ್ಟೇನಿ. ಅದಕ್ಕ ಹೇಳಾಕತ್ತೇನಿ."

ಅಜ್ಜಿ ಮತ್ತೆ ಆ ಮಾತು ಎತ್ತಲಿಲ್ಲ. ನಾನು ಕಾಲೇಜು ಸೇರಿದೆ. ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ಮೊದಲಿಗಳಾದೆ. ಫಲಿತಾಂಶ ಬರುವ ಮೊದಲೇ ಖಾಲಾ ತೀರಿಕೊಂಡರು…

ಕರಜಗಿಯ ಆ ಮಾವ ಜೇವರ್ಗಿಯ ಕಡೆಯ, ರಕ್ತಸಂಬಂಧವಿಲ್ಲದ ಮನೆಯ ಹುಡುಗಿಯನ್ನು ಮದುವೆಯಾದರು. ಕಳೆದ ವಾರ ಅವರ ಕೂಸನ್ನು ನೋಡಲು ಕರಜಗಿಗೆ ಹೋಗಿದ್ದೆ. ಎತ್ತಿಕೊಂಡವಳು, ಯಾರೂ ಗಮನಿಸದಂತೆ ಅದರ ಎದೆಗೆ ಕಿವಿಯಿಟ್ಟೆ. ಗೊರಗೊರ ಸದ್ದಿಲ್ಲ. ಉಸಿರು ಸಲೀಸಾಗಿ ಬಂದು ಹೋಗುತ್ತಿತ್ತು. ಈ ಕೂಸನ್ನು ಒಮ್ಮೆ ಖಾಲಾ ಅವರ ಮಡಿಲಿಗೆ ಹಾಕಬೇಕಿತ್ತು.